ಡಿಗ್ರಿ ಮುಗಿಸಿ ಒಂದು ಸಮ್ಮರ್ ಓ-ಪೇರ್ ಆಗಿ ಜರ್ಮನಿಗೆ ಹೋಗಿ ಬರಬೋದಾ?

ಪ್ರಶ್ನೆ: "ಅಕ್ಕ, ಮೇನಲ್ಲಿ ನಂದು ಬಿ.ಎ. ಮುಗಿಯುತ್ತೆ. ಮಾಸ್ಟರ್ಸ್‌ಗೆ ಸೇರೋಕೆ ಮುಂಚೆ ಮೂರು ತಿಂಗಳು ಜರ್ಮನಿಗೆ ಓ-ಪೇರ್ ಆಗಿ ಹೋಗಿ, ಸ್ವಲ್ಪ ದುಡ್ಡು ಮಾಡ್ಕೊಂಡು, ಹಾಗೇ ಯೂರೋಪ್ ನೋಡ್ಕೊಂಡು ಬರೋಣ ಅಂತ ಇದೆ. ಇನ್‌ಸ್ಟಾದಲ್ಲಿ ಒಬ್ಳು ಹೀಗೇ ಮಾಡಿದಾಳೆ. ನಂಗೂ ಆಗುತ್ತಾ?"

ಫೈನಲ್ ಸೆಮ್ ಹತ್ರ ಬಂದಂಗೆಲ್ಲ ಇದೇ ಪ್ರಶ್ನೆ ಬೇರೆ ಬೇರೆಯವರಿಂದ ಬರ್ತಾನೇ ಇರುತ್ತೆ, ಅದಕ್ಕೆ ಒಂದೇ ಸಲ ಪೂರ್ತಿ ಬರೆದುಬಿಡ್ತೀನಿ. ಓ-ಪೇರ್ ಆಗಿ ಹೋಗಬೋದು. ಮೂರು ತಿಂಗಳಿಗೆ ಆಗಲ್ಲ. ದುಡ್ಡು ಮಾಡೋ ಆಸೆ ಇದ್ರೆ ಇವತ್ತೇ ಬಿಟ್ಬಿಡಿ.

ಇದೇನು ಅಂತಾನೇ ಗೊತ್ತಿಲ್ದೋರಿಗೆ ಎರಡು ಮಾತು. ಬೇರೆ ದೇಶದ ಒಂದು ಫ್ಯಾಮಿಲಿ ಜೊತೆ ಅವರ ಮನೇಲೇ ಇದ್ಕೊಂಡು ಅವರ ಮಕ್ಕಳನ್ನ ನೋಡ್ಕೋತೀರ, ಬದಲಿಗೆ ಅವ್ರು ರೂಮು, ಊಟ, ತಿಂಗಳಿಗೆ ಒಂದಿಷ್ಟು ಪಾಕೆಟ್ ಮನಿ ಕೊಡ್ತಾರೆ, ನೀವು ಅವರ ಭಾಷೆ ಕಲೀತೀರ. ಯೂರೋಪಲ್ಲಿ ಇದು ಹಳೇ ಪದ್ಧತಿ, 1969ರಲ್ಲೇ ಸ್ಟ್ರಾಸ್‌ಬರ್ಗ್‌ನಲ್ಲಿ ಇದಕ್ಕೆ ಅಂತಾನೇ ಒಂದು ಒಪ್ಪಂದ ಆಗಿತ್ತು. ಕಾಗದದ ಮೇಲೆ ಇದು ಕೆಲಸ ಅಲ್ಲ, ಸಾಂಸ್ಕೃತಿಕ ವಿನಿಮಯ. ಕಾಗದದ ಮೇಲೆ ಅಂತ ಯಾಕೆ ಹೇಳಿದೆ ಅಂದ್ರೆ, ನಾಲ್ಕು ವರ್ಷದ ಮಗು ಬೆಳಗ್ಗೆ ಆರೂವರೆಗೆ ಸಾಕ್ಸ್ ಹಾಕ್ಕೊಳ್ಳಲ್ಲ ಅಂತ ನೆಲದ ಮೇಲೆ ಬಿದ್ದು ಹೊರಳಾಡ್ತಿರಬೇಕಾದ್ರೆ ಯಾರಿಗೂ ಸಂಸ್ಕೃತಿ ನೆನಪಾಗಲ್ಲ.

ಈಗ ಆ ಇನ್‌ಸ್ಟಾ ಹುಡುಗಿ ವಿಷಯಕ್ಕೆ ಬರೋಣ. ಸಮ್ಮರ್ ಓ-ಪೇರ್ ಅನ್ನೋದು ನಿಜವಾಗ್ಲೂ ಇದೆ, ಇಟಲಿಯಲ್ಲಿ ಸ್ಕೂಲಿಗೆ ಬೇಸಿಗೆ ರಜ ಹತ್ರ ಹತ್ರ ಮೂರು ತಿಂಗಳು, ಅಪ್ಪ ಅಮ್ಮ ಇಬ್ರೂ ಕೆಲಸಕ್ಕೆ ಹೋಗೋ ಮನೇಲಿ ಮಕ್ಕಳನ್ನ ಯಾರಾದ್ರೂ ನೋಡ್ಕೊಳ್ಳಲೇಬೇಕು, ಹಾಗಾಗಿ ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ ಅಂತ ಕರ್ಸ್ಕೊಳ್ಳೋ ಫ್ಯಾಮಿಲಿಗಳು ಅಲ್ಲಿ ಸಿಗ್ತವೆ. ಆದ್ರೆ ಹಾಗೆ ಹೋಗೋರು ಹೆಚ್ಚಿನಂಶ ಯೂರೋಪಿಯನ್ ಯೂನಿಯನ್ ಪಾಸ್‌ಪೋರ್ಟ್ ಇರೋರು. ಅವರಿಗೆ ವೀಸಾನೇ ಬೇಡ, ಬ್ಯಾಗ್ ಹಾಕ್ಕೊಂಡು ಟ್ರೈನ್ ಹತ್ತಿದ್ರೆ ಆಯ್ತು. ನಮ್ಮ ಕೈಲಿರೋ ಪಾಸ್‌ಪೋರ್ಟ್‌ಗೆ ಸಿಗೋದು ಶೆಂಗೆನ್ (ಯೂರೋಪಿನ ತುಂಬಾ ದೇಶಗಳಿಗೆ ಸೇರಿ ಒಂದೇ) ಟೂರಿಸ್ಟ್ ವೀಸಾ, 180 ದಿನದಲ್ಲಿ 90 ದಿನ ಇರಬೋದು, ಕೆಲಸ ಮಾಡೋ ಹಾಗಿಲ್ಲ, ಮಕ್ಕಳನ್ನ ನೋಡ್ಕೊಂಡು ಅದಕ್ಕೆ ಬದಲಾಗಿ ರೂಮು ಊಟ ತಗೊಂಡ್ರೂ ಅದು ಕೆಲಸಾನೇ. "ಟೂರಿಸ್ಟ್ ವೀಸಾದಲ್ಲಿ ಬಾಮ್ಮ, ಏರ್‌ಪೋರ್ಟ್‌ನಲ್ಲಿ ಕೇಳಿದ್ರೆ ಫ್ರೆಂಡ್ ಮನೆಗೆ ಬಂದಿದೀನಿ ಅನ್ನು" ಅಂತ ಯಾವ ಫ್ಯಾಮಿಲಿ ಹೇಳುತ್ತೋ ಆ ಫ್ಯಾಮಿಲಿನ ಅಲ್ಲೇ ಬ್ಲಾಕ್ ಮಾಡಿ. ಸಿಕ್ಕಿಹಾಕ್ಕೊಂಡ್ರೆ ಅವರಿಗೆ ದಂಡ ಬೀಳಬೋದು, ನಿಮಗೆ ಮುಂದಿನ ಸ್ಟೂಡೆಂಟ್ ವೀಸಾಗೇ ಕಲ್ಲು ಬೀಳುತ್ತೆ, ಮಾಸ್ಟರ್ಸ್ ಕನಸಿರೋರಿಗೆ ಇದು ಬೇಕಾ?

ಸರಿಯಾದ ದಾರಿ ಅಂದ್ರೆ ಓ-ಪೇರ್‌ಗೆ ಅಂತಾನೇ ಇರೋ ನ್ಯಾಷನಲ್ ವೀಸಾ, ಅಂದ್ರೆ ಆ ಒಂದು ದೇಶ ಹೆಚ್ಚು ದಿನ ಇರೋರಿಗೆ ಕೊಡೋ ವೀಸಾ. ಜರ್ಮನೀಲಿ ಇದು ಕನಿಷ್ಠ 6 ತಿಂಗಳು, ಗರಿಷ್ಠ 1 ವರ್ಷ, ಜೀವನದಲ್ಲಿ ಒಂದೇ ಸಲ. ವಯಸ್ಸು 18 ಆಗಿರಬೇಕು, ಅಪ್ಲೈ ಮಾಡೋವಾಗ 27 ತುಂಬಿರಬಾರದು. ಜರ್ಮನ್ ಭಾಷೆ ಎ1 ಲೆವೆಲ್ (ತೀರಾ ಮೊದಲನೇ ಹಂತ) ಸರ್ಟಿಫಿಕೇಟ್ ಬೇಕು, ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅಂದ್ರೆ ಯಾರೂ ಕೇಳಲ್ಲ. ನೀವು ಹೋಗೋ ಮನೇಲಿ ಜರ್ಮನ್ ಮಾತಾಡ್ತಿರಬೇಕು, ಆಮೇಲೆ ಆ ಫ್ಯಾಮಿಲಿ ನಿಮ್ಮ ದೇಶದ ಮೂಲದವರಾಗಿರಬಾರದು, ನೆಂಟರಂತೂ ಆಗಿರಲೇಬಾರದು. ಇದನ್ನ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ "ನನ್ನ ದೊಡ್ಡಮ್ಮನ ಮಗಳು ಫ್ರಾಂಕ್‌ಫರ್ಟ್‌ನಲ್ಲಿದ್ದಾಳೆ, ಅವಳಿಗೆ ಎರಡನೇ ಮಗು ಆಗಿದೆ, ಅವಳ ಮನೆಗೇ ಓ-ಪೇರ್ ಆಗಿ ಹೋಗ್ತೀನಿ" ಅನ್ನೋರು ತುಂಬಾ ಜನ. ಆಗಲ್ಲ ಕಣ್ರೀ. ಅಲ್ಲಿಗೆ ಹೋದ್ರೆ ನೀವು ಕನ್ನಡಾನೇ ಮಾತಾಡ್ಕೊಂಡು ಬಾಣಂತನ ಮಾಡ್ತೀರ ಅಂತ ವೀಸಾ ಕೊಡೋರಿಗೂ ಗೊತ್ತು.

ಪಾಕೆಟ್ ಮನಿ ತಿಂಗಳಿಗೆ 280 ಯೂರೋ. ಯೂರೋಗೆ ಹೆಚ್ಚುಕಮ್ಮಿ 100 ರೂಪಾಯಿ ಅಂತ ಹಿಡಿದ್ರೆ 28 ಸಾವಿರ, ಕೇಳೋಕೆ ಚೆನ್ನಾಗಿದೆ, ಆದ್ರೆ ಖರ್ಚು ಮಾಡೋದೂ ಯೂರೋದಲ್ಲೇ ಅಲ್ವಾ. ದೇಶದ ತುಂಬ ಲೋಕಲ್ ಟ್ರೈನು ಬಸ್ಸಲ್ಲಿ ಓಡಾಡೋ ಡಾಯ್ಚ್‌ಲ್ಯಾಂಡ್ ಟಿಕೆಟ್ 2023ರಲ್ಲಿ 49 ಯೂರೋಗೆ ಶುರುವಾಗಿದ್ದು 2025ಕ್ಕೆ 58 ಆಯ್ತು, ಫ್ಯಾಮಿಲಿ ಅದನ್ನ ಕೊಡಿಸಲ್ಲ ಅಂದ್ರೆ ನಿಮ್ಮ ದುಡ್ಡಲ್ಲಿ ಐದನೇ ಒಂದು ಭಾಗ ಅಲ್ಲೇ ಹೋಯ್ತು. ವೀಸಾ ಫೀಸು 75 ಯೂರೋ, ಫ್ಲೈಟ್ ಟಿಕೆಟ್ ಸಾಮಾನ್ಯವಾಗಿ ನಿಮ್ಮದೇ, ಇಲ್ಲಿ ಎ1 ಕ್ಲಾಸು ಎಕ್ಸಾಮು ಫೀಸು ಬೇರೆ. ಇನ್ಶೂರೆನ್ಸ್ ಮಾತ್ರ ಫ್ಯಾಮಿಲಿನೇ ಮಾಡಿಸಬೇಕು, ಭಾಷೆ ಕ್ಲಾಸಿಗೆ ಅಂತ ತಿಂಗಳಿಗೆ 70 ಯೂರೋ ಅವ್ರೇ ಕೊಡಬೇಕು. ಇಷ್ಟೆಲ್ಲ ಕೂಡಿಸಿ ಕಳೆದ್ರೆ ವರ್ಷದ ಕೊನೇಲಿ ಕೈಲಿ ಉಳಿಯೋದು ಎರಡು ಮೂರು ಟ್ರಿಪ್ಪಿನ ಫೋಟೋ. ಆದ್ರೆ ಇನ್ನೊಂದು ಕಡೆಯಿಂದ ನೋಡಿ, ಸ್ಟೂಡೆಂಟ್ ಆಗಿ ಹೋಗೋರು ಬ್ಲಾಕ್ಡ್ ಅಕೌಂಟ್‌ನಲ್ಲಿ (ಮೊದಲೇ ದುಡ್ಡು ಹಾಕಿಟ್ಟು, ತಿಂಗಳಿಗೆ ಇಷ್ಟೇ ಅಂತ ತೆಗೆಯೋ ಖಾತೆ) ವರ್ಷಕ್ಕೆ 11,904 ಯೂರೋ ತೋರಿಸಬೇಕು, ಅಂದ್ರೆ ಸುಮಾರು 12 ಲಕ್ಷ. ಓ-ಪೇರ್‌ಗೆ ಆ ತಲೆನೋವಿಲ್ಲ. ದುಡ್ಡಿಲ್ಲದ ಮನೆ ಹುಡುಗ ಹುಡುಗಿಯರಿಗೆ ಒಂದು ವರ್ಷ ಯೂರೋಪಲ್ಲಿ ಇರೋಕೆ, ಅದೂ ಕಾನೂನು ಪ್ರಕಾರ, ಇಷ್ಟು ಕಡಿಮೆ ಖರ್ಚಿನ ದಾರಿ ಬೇರೆ ಇಲ್ಲ ಅಂತ ನನ್ನ ಅನಿಸಿಕೆ. ಹುಡುಗರೂ ಹೋಗಬೋದು, ಅದನ್ನೂ ಹೇಳಿಬಿಡ್ತೀನಿ, ಫ್ಯಾಮಿಲಿ ಸಿಗೋದು ಸ್ವಲ್ಪ ನಿಧಾನ ಅಷ್ಟೇ.

ಇನ್ನು ಗಂಟೆ ಲೆಕ್ಕ. ದಿನಕ್ಕೆ 6 ಗಂಟೆ, ವಾರಕ್ಕೆ 30 ಗಂಟೆ ಮೀರೋ ಹಾಗಿಲ್ಲ, ಬೇಬಿಸಿಟಿಂಗೂ ಅದರಲ್ಲೇ ಬರುತ್ತೆ. ವಾರಕ್ಕೆ ಒಂದೂವರೆ ದಿನ ರಜ, ತಿಂಗಳಲ್ಲಿ ಒಂದಾದ್ರೂ ಭಾನುವಾರ ಫ್ರೀ, ವಾರಕ್ಕೆ ನಾಲ್ಕು ಸಂಜೆ ಫ್ರೀ. ವರ್ಷ ಪೂರ್ತಿ ಇದ್ರೆ ನಾಲ್ಕು ವಾರ ರಜ, ಆಗ್ಲೂ ಪಾಕೆಟ್ ಮನಿ ಕಟ್ ಮಾಡೋ ಹಾಗಿಲ್ಲ. ಸ್ವಂತ ರೂಮು, ಮಕ್ಕಳ ರೂಮಲ್ಲಿ ಒಂದು ಹಾಸಿಗೆ ಅಂದ್ರೆ ನಡೆಯಲ್ಲ. ಮನೆಕೆಲಸ ಅಂದ್ರೆ ಮಕ್ಕಳ ಬಟ್ಟೆ ಮೆಷಿನ್‌ಗೆ ಹಾಕೋದು, ಅವರ ತಿಂಡಿ ಡಬ್ಬಿ ಕಟ್ಟೋದು, ಡಿಶ್‌ವಾಷರ್ ಖಾಲಿ ಮಾಡೋದು, ಇಂಥವು. ಇಡೀ ಮನೆ ಕ್ಲೀನಿಂಗು, ತೋಟದ ಕೆಲಸ, ಅಜ್ಜನ್ನ ನೋಡ್ಕೊಳ್ಳೋದು ಇವೆಲ್ಲ ಓ-ಪೇರ್ ಕೆಲಸ ಅಲ್ಲ.

ಈ ಪಟ್ಟಿ ಓದ್ತಿದ್ದಂಗೆ ನಂಗೆ ಪ್ರತಿ ಸಲ ನಮ್ಮ ಕಡೆಯ ಮನೆಗಳು ನೆನಪಾಗ್ತವೆ. ಊರಿಂದ ಒಂದು ಹುಡುಗೀನ ಮಗು ಎತ್ಕೊಳ್ಳೋಕೆ ಅಂತ ಬೆಂಗಳೂರಿಗೆ ಕರ್ಕೊಂಡು ಬಂದು, ಅಡುಗೆಮನೇಲಿ ಚಾಪೆ ಹಾಸಿ, "ಮನೆ ಮಗಳ ಥರಾನೇ ನೋಡ್ಕೋತೀವಿ" ಅನ್ನೋರು ಎಷ್ಟು ಜನ ಇಲ್ಲ, ಆ ಮನೆ ಮಗಳಿಗೆ ವಾರಕ್ಕೆ ಎಷ್ಟು ಗಂಟೆ ಕೆಲಸ ಅಂತ ಯಾರಾದ್ರೂ ಲೆಕ್ಕ ಇಟ್ಟಿದಾರಾ? ಅದಕ್ಕೇ ನಮ್ಮ ಅಪ್ಪ ಅಮ್ಮಂದಿರು ಓ-ಪೇರ್ ಅಂದ ತಕ್ಷಣ "ಡಿಗ್ರಿ ಮಾಡಿ ಅವರ ಮಕ್ಕಳ ಮೂಗು ಒರೆಸೋಕೆ ಹೋಗ್ತೀಯಾ" ಅಂತ ಸಿಡುಕ್ತಾರೆ, ಅವರ ಕಣ್ಮುಂದೆ ಇರೋ ಚಿತ್ರ ಅದೇ. ಮನೇಲಿ ಒಪ್ಪಿಸಬೇಕು ಅಂದ್ರೆ ಕಾಂಟ್ರ್ಯಾಕ್ಟ್ ಪ್ರಿಂಟ್ ತೆಗೆದು ಆ 30 ಗಂಟೆ ಅನ್ನೋ ಲೈನು ತೋರಿಸಿ.

ಆದ್ರೆ ರೂಲ್ಸ್ ಇದೆ ಅಂದ ಮಾತ್ರಕ್ಕೆ ಎಲ್ಲ ಮನೇಲೂ ನಡೆಯುತ್ತೆ ಅಂತಲ್ಲ, ಅದರಲ್ಲೂ ಬೇಸಿಗೇಲಿ. ಜರ್ಮನೀಲಿ ಸ್ಕೂಲಿಗೆ ಬೇಸಿಗೆ ರಜ ಆರು ವಾರ, ಒಂದೊಂದು ರಾಜ್ಯದಲ್ಲಿ ಒಂದೊಂದು ಡೇಟು, ಬವೇರಿಯಾ ಕಡೆ ಸೆಪ್ಟೆಂಬರ್ ಮಧ್ಯದವರೆಗೂ ಎಳೆಯುತ್ತೆ. ಮಾಮೂಲಿ ದಿನದಲ್ಲಿ ಎಂಟು ಗಂಟೆಗೆ ಮಕ್ಕಳನ್ನ ಕಿಂಡರ್‌ಗಾರ್ಟನ್‌ಗೆ ಬಿಟ್ರೆ ಮಧ್ಯಾಹ್ನದವರೆಗೆ ನೀವು ಫ್ರೀ, ಕ್ಲಾಸಿಗೆ ಹೋಗ್ತೀರ, ಆಮೇಲೆ ಕರ್ಕೊಂಡು ಬಂದು ಪಾರ್ಕು, ಸಂಜೆ ಬ್ರೆಡ್ಡು ಚೀಸು, ಎಂಟಕ್ಕೆ ಮಕ್ಕಳು ಮಲಗಿಬಿಡ್ತವೆ. ರಜದಲ್ಲಿ ಇವೆಲ್ಲ ಉಲ್ಟಾ, ಮಕ್ಕಳು ಇಡೀ ದಿನ ಮನೇಲಿ, ಗಂಟೆ ಜಾರಿ ಜಾರಿ ಎಲ್ಲಿಗೋ ಹೋಗುತ್ತೆ, "ಇವತ್ತೊಂದಿನ" ಅಂತ ಶುರುವಾಗಿದ್ದು ತಿಂಗಳಾಗುತ್ತೆ. ನಾವು ದೊಡ್ಡೋರಿಗೆ ಇಲ್ಲ ಅನ್ನೋಕೆ ಕಲ್ತೇ ಇರಲ್ಲ, ಅಲ್ಲಿ ಅದೇ ಪ್ರಾಬ್ಲಮ್ಮು. ಜರ್ಮನ್ನರಿಗೆ ನೇರವಾಗಿ ಹೇಳಿದ್ರೆ ಬೇಜಾರಾಗಲ್ಲ, ಹೇಳದೆ ಮುಖ ಊದಿಸ್ಕೊಂಡಿದ್ರೆ ಅರ್ಥಾನೇ ಆಗಲ್ಲ. ಮೊದಲ ವಾರಾನೇ ಒಂದು ಟೈಮ್‌ಟೇಬಲ್ ಬರೆದು ಫ್ರಿಜ್ ಮೇಲೆ ಅಂಟಿಸಿ ಅಂತ ಕೇಳಿ.

ಊಟದ ವಿಷಯ ವಿಡಿಯೋ ಕಾಲ್‌ನಲ್ಲೇ ಹೇಳಿಬಿಡಿ. ವೆಜ್ ಅಂದ್ರೆ ಅಲ್ಲಿ ಈಗ ಯಾರಿಗೂ ಆಶ್ಚರ್ಯ ಇಲ್ಲ, ಆದ್ರೆ ನೀವು ಮಕ್ಕಳಿಗೆ ಮಾಂಸ ಬಿಸಿ ಮಾಡಿ ಕೊಡ್ತೀರಾ ಇಲ್ವಾ ಅನ್ನೋದು ಅವರಿಗೆ ಮುಖ್ಯ. ಈಜು ಬರುತ್ತಾ, ಸೈಕಲ್ ಬರುತ್ತಾ ಅಂತಾನೂ ಕೇಳ್ತಾರೆ, ಬೇಸಿಗೇಲಿ ಕೆರೆ ಕಡೆ ಹೋಗೋ ಮನೆಗಳಿಗೆ ಇದು ತಮಾಷೆ ಅಲ್ಲ, ಬರಲ್ಲ ಅಂದ್ರೆ ಬರಲ್ಲ ಅನ್ನಿ. ಕಾರ್ ಓಡಿಸಬೇಕು ಅಂದ್ರೆ ನಮ್ಮ ಲೈಸೆನ್ಸು ಅಲ್ಲಿ ವಾಸ ಶುರುವಾದ ಮೇಲೆ 6 ತಿಂಗಳು ನಡೆಯುತ್ತೆ. ಭಾನುವಾರ ಅಂಗಡಿ ಮುಚ್ಚಿರುತ್ತೆ, ಅದು ನಿಮಗೆ ಮೊದಲ ಭಾನುವಾರಾನೇ ಗೊತ್ತಾಗುತ್ತೆ ಬಿಡಿ.

ಫ್ಯಾಮಿಲಿ ಹುಡುಕೋದು ಏಜೆನ್ಸಿ ಮೂಲಕವೂ ಆಗುತ್ತೆ, ಪ್ರೊಫೈಲ್ ಹಾಕೋ ಆನ್‌ಲೈನ್ ಸೈಟಲ್ಲೂ ಆಗುತ್ತೆ. ಜರ್ಮನಿ ಏಜೆನ್ಸಿ ಓ-ಪೇರ್ ಹತ್ರ 150 ಯೂರೋಗಿಂತ ಜಾಸ್ತಿ ತಗೊಳ್ಳೋ ಹಾಗಿಲ್ಲ, ಅಲ್ಲಿನ ಕಾನೂನೇ ಹಾಗಿದೆ, ಹಾಗಾಗಿ ಇಲ್ಲಿ ಯಾರಾದ್ರೂ "ಜರ್ಮನಿ ಓ-ಪೇರ್ ಪ್ಯಾಕೇಜ್ ಎರಡು ಲಕ್ಷ" ಅಂದ್ರೆ ಆ ದುಡ್ಡು ಯಾವುದಕ್ಕೆ ಅಂತ ಒಂದೊಂದಾಗಿ ಬರೆಸ್ಕೊಳ್ಳಿ. ಆನ್‌ಲೈನ್‌ನಲ್ಲಿ ಮೋಸ ಅಂತೂ ಸಿಕ್ಕಾಪಟ್ಟೆ. ಅದರಲ್ಲಿ ಮಾಮೂಲಿ ಒಂದು ಏನಪ್ಪಾ ಅಂದ್ರೆ ಲಂಡನ್‌ನ ಸುಂದರ ಕುಟುಂಬ, ಎರಡು ಮುದ್ದು ಮಕ್ಕಳು, ವಾರಕ್ಕೆ ಸಾವಿರಾರು ಪೌಂಡು, ನೀವು ಮಾಡಬೇಕಾಗಿರೋದು ಇಷ್ಟೇ, ಅವರ ಲಾಯರ್‌ಗೆ ವೀಸಾ ಫೀಸ್ ಅಂತ ಸ್ವಲ್ಪ ದುಡ್ಡು ಕಳಿಸೋದು. ಬ್ರಿಟನ್‌ನಲ್ಲಿ ಓ-ಪೇರ್ ವೀಸಾ ಅನ್ನೋದು 2008ರಲ್ಲೇ ನಿಂತುಹೋಗಿದೆ. ಇಲ್ಲದ ವೀಸಾಗೆ ಯಾವ ಲಾಯರ್ರು? ನಿಜವಾದ ಫ್ಯಾಮಿಲಿ ನಿಮ್ಮ ಜೊತೆ ವಿಡಿಯೋದಲ್ಲಿ ಎರಡು ಮೂರು ಸಲ ಮಾತಾಡುತ್ತೆ, ಮಕ್ಕಳನ್ನ ತೋರಿಸುತ್ತೆ, ನಿಮಗೇ ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುತ್ತೆ. ಹಿಂದಿನ ಓ-ಪೇರ್ ನಂಬರ್ ಕೊಡಿ ಅಂತ ಕೇಳಿ, ಅವಳ ಹತ್ರ ಹತ್ತು ನಿಮಿಷ ಮಾತಾಡಿದ್ರೆ ಬೇರೆ ಎಲ್ಲ ವಿಚಾರಣೆಗಿಂತ ಜಾಸ್ತಿ ಗೊತ್ತಾಗುತ್ತೆ. ಕೊಡಲ್ಲ ಅಂದ್ರೆ ಅದೂ ಒಂದು ಉತ್ತರಾನೇ. ಹೋದ ಮೇಲೆ ಆ ಮನೆ ಸರಿಹೋಗಲ್ಲ ಅಂದ್ರೆ ಸಾಯ್ಬೇಕಾಗಿಲ್ಲ, ನೋಟಿಸ್ ಕೊಟ್ಟು, ವಿದೇಶಿಯರ ಆಫೀಸಿಗೆ ತಿಳಿಸಿ, ಬೇರೆ ಫ್ಯಾಮಿಲಿಗೆ ಹೋಗೋ ದಾರಿ ಇದೆ, ಒಟ್ಟು ಒಂದು ವರ್ಷ ಮೀರಬಾರದು ಅಷ್ಟೇ.

ಜರ್ಮನಿನೇ ಯಾಕೆ, ಬೇರೆ ಇಲ್ವಾ ಅಂದ್ರೆ, ಫ್ರಾನ್ಸ್‌ನಲ್ಲಿ ವಯಸ್ಸು 30ರವರೆಗೆ, ವಾರಕ್ಕೆ 25 ಗಂಟೆ ಮಾತ್ರ, ಪಾಕೆಟ್ ಮನಿ ತಿಂಗಳಿಗೆ ಕನಿಷ್ಠ 320 ಯೂರೋ, ಫ್ರೆಂಚ್ ಸ್ವಲ್ಪ ಬರೋರಿಗೆ ಇದು ಜರ್ಮನಿಗಿಂತ ವಾಸಿ. ಅಮೆರಿಕದ್ದು ಜೆ-1 ಅನ್ನೋ ವಿನಿಮಯ ವೀಸಾ, 12 ತಿಂಗಳ ಪ್ರೋಗ್ರಾಮು, ವಾರಕ್ಕೆ 45 ಗಂಟೆವರೆಗೂ ದುಡಿಸಬೋದು, ಕೊಡೋದು ವಾರಕ್ಕೆ ಕನಿಷ್ಠ 195.75 ಡಾಲರ್, ನಂಗಂತೂ ಅದು ವಿನಿಮಯ ಅನ್ಸಲ್ಲ, ಫುಲ್ ಟೈಮ್ ಕೆಲಸಾನೇ. ನಾರ್ವೆ 2024ರಲ್ಲಿ ಈ ಪರ್ಮಿಟ್ಟೇ ತೆಗೆದುಹಾಕಿತು. ನಿಜವಾಗ್ಲೂ ಮೂರ್ನಾಲ್ಕು ತಿಂಗಳೇ ಸಾಕು ಅನ್ನೋರಿಗೆ ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ ಒಂದಿದೆ, 2024ರಿಂದ ನಮಗೂ ತೆರೆದಿದ್ದಾರೆ, ವರ್ಷಕ್ಕೆ 1,000 ಜನಕ್ಕೆ ಲಾಟರಿ ಥರ, ಸಿಕ್ಕಿದ್ರೆ ಅದರಲ್ಲಿ ಮಕ್ಕಳನ್ನೂ ನೋಡ್ಕೋಬೋದು ಬೇರೆ ಕೆಲಸಾನೂ ಮಾಡಬೋದು. ಅವರ ಬೇಸಿಗೆ ಮಾತ್ರ ಡಿಸೆಂಬರ್‌ನಲ್ಲಿ!

ಈಗ ಡಿಗ್ರಿ ಮುಗಿಸಿರೋ ನಿಮ್ಮ ವಿಷಯ. ವೀಸಾ ಇಂಟರ್‌ವ್ಯೂನಲ್ಲಿ "ಬಿ.ಎ. ಆಗಿದೆ, ಮಕ್ಕಳನ್ನ ನೋಡ್ಕೊಳ್ಳೋಕೆ ಯಾಕೆ ಹೋಗ್ತಿದೀರಾ" ಅಂತ ಕೇಳೇ ಕೇಳ್ತಾರೆ ಅಂದ್ಕೊಂಡು ರೆಡಿಯಾಗಿ. ಯೂರೋಪ್ ಸುತ್ತೋಕೆ ಅನ್ನೋದು ಕೆಟ್ಟ ಉತ್ತರ. ಭಾಷೆ ಕಲಿಯೋದು, ಅದು ಮುಂದೆ ಯಾವುದಕ್ಕೆ ಬೇಕು, ಮಕ್ಕಳ ಜೊತೆ ನಿಮಗೆ ಏನು ಅನುಭವ ಇದೆ, ಇದನ್ನ ಸಿಂಪಲ್ ಜರ್ಮನ್‌ನಲ್ಲಿ ನಾಲ್ಕು ವಾಕ್ಯ ಹೇಳೋಕೆ ಬರಬೇಕು. ತಮ್ಮ ತಂಗಿ, ಅಕ್ಕನ ಮಕ್ಕಳು, ಟ್ಯೂಷನ್ ಹೇಳಿಕೊಟ್ಟಿದ್ದು, ಎಲ್ಲಾನೂ ಲೆಕ್ಕಕ್ಕೆ ಬರುತ್ತೆ. ಮಕ್ಕಳು ಕಂಡ್ರೆ ಆಗಲ್ಲ ಅನ್ನೋರು ದಯವಿಟ್ಟು ಹೋಗಬೇಡಿ, ಆ ಮಕ್ಕಳೇನು ಪಾಪ ಮಾಡಿದ್ವು.

ಮಾಸ್ಟರ್ಸ್ ಜರ್ಮನೀಲೇ ಅಂತಿದ್ರೆ ಒಂದು ವರ್ಷ ಹೋಗೋದು ಲಾಸ್ ಅಲ್ಲ. ಅಲ್ಲಿ ಯೂನಿವರ್ಸಿಟಿಗಳ ವಿಂಟರ್ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರು, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಓ-ಪೇರ್ ಆಗಿ ಹೋದ್ರೆ ಮುಂದಿನ ಅಕ್ಟೋಬರ್‌ಗೆ ಸರಿಯಾಗುತ್ತೆ, ಹೊಸ ಓ-ಪೇರ್ ಬೇಕು ಅನ್ನೋ ಫ್ಯಾಮಿಲಿಗಳೂ ಹೆಚ್ಚಾಗಿ ಅದೇ ಸಮಯಕ್ಕೇ ಕೇಳೋದು. ಆದ್ರೆ ಓ-ಪೇರ್ ಪರ್ಮಿಟ್ ತಾನಾಗೇ ಸ್ಟೂಡೆಂಟ್ ಪರ್ಮಿಟ್ ಆಗಲ್ಲ, ಬೇರೆ ಅಪ್ಲಿಕೇಶನ್ನು, ಆಗ ಆ 12 ಲಕ್ಷದ ಲೆಕ್ಕ ಮತ್ತೆ ಬರುತ್ತೆ, ಅದನ್ನ ಮನೇಲಿ ಮೊದಲೇ ಮಾತಾಡಿಟ್ಕೊಳ್ಳಿ.

ಹಾಗಾಗಿ ಎಕ್ಸಾಮ್ ಮುಗಿದ ಮೇಲೆ ಯೋಚನೆ ಮಾಡೋಣ ಅಂದ್ರೆ ಆ ವರ್ಷ ತಪ್ಪಿದಂಗೇ. ಎ1 ಕಲಿಯೋಕೇ ಮೂರು ತಿಂಗಳಾದ್ರೂ ಬೇಕು, ಫ್ಯಾಮಿಲಿ ಹುಡುಕೋಕೆ ಒಂದೆರಡು ತಿಂಗಳು, ವೀಸಾಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಐದನೇ ಸೆಮ್‌ನಲ್ಲೇ ಜರ್ಮನ್ ಶುರು ಮಾಡಿ. ಬೆಂಗಳೂರಿನೋರಿಗೆ ಇಂದಿರಾನಗರದಲ್ಲಿ ಗೋಥೆ ಇನ್‌ಸ್ಟಿಟ್ಯೂಟ್ ಇದೆ, ನಾವೆಲ್ಲ ಮ್ಯಾಕ್ಸ್ ಮುಲ್ಲರ್ ಭವನ ಅಂತೀವಲ್ಲ ಅದೇ. ಕ್ಲಾಸು ಅಲ್ಲೇ ಮಾಡಬೇಕು ಅಂತೇನಿಲ್ಲ, ಧಾರವಾಡದಲ್ಲೋ ಮಂಗಳೂರಲ್ಲೋ ಕೂತು ಆನ್‌ಲೈನ್ ಕಲ್ತು ಎಕ್ಸಾಮ್ ಬರೆಯೋಕೆ ಮಾತ್ರ ಬಂದ್ರೂ ನಡೆಯುತ್ತೆ. ಕೇಳೋದು, ಓದೋದು, ಬರೆಯೋದು, ಮಾತಾಡೋದು ನಾಲ್ಕು ಭಾಗ, 100ಕ್ಕೆ 60 ಬಂದ್ರೆ ಪಾಸು. ಸೀಟು ಬೇಗ ತುಂಬಿಹೋಗುತ್ತೆ, ಡೇಟ್ ಬಿಟ್ಟ ದಿನಾನೇ ಬುಕ್ ಮಾಡಿ.