ಬಟ್ಟೆಗೆ ಅಂಟಿದ ಗಾಜಿನ ಚೂರು ಅದೇ ಕಿಟಕಿಯದ್ದು ಅಂತ ಹೇಗೆ ಹೇಳುತ್ತಾರೆ?

ಪ್ರಶ್ನೆ: ಕಳ್ಳತನದ ಕೇಸಿನಲ್ಲಿ ಆರೋಪಿಯ ಶರ್ಟಿನಲ್ಲಿ ಸಿಕ್ಕ ಚೂರು ಒಡೆದ ಕಿಟಕಿಯ ಗಾಜಿಗೆ ಮ್ಯಾಚ್ ಆಯಿತು ಎಂದು ಓದುತ್ತೇವೆ. ಕಿಟಕಿ ಗಾಜೆಲ್ಲ ಒಂದೇ ತರ ಅಲ್ವಾ? ಉಗುರಿಗೂ ಸಿಗದ ಚೂರಿನಿಂದ ಏನು ತಾನೇ ಗೊತ್ತಾಗುತ್ತದೆ?

ಒಂದೇ ತರ ಅನ್ನುವುದು ಮುಕ್ಕಾಲು ಪಾಲು ನಿಜ. ಕಿಟಕಿ ಗಾಜಿನಲ್ಲಿ ಸಿಲಿಕಾ, ಅಂದರೆ ಮರಳಿನ ಮುಖ್ಯ ಅಂಶ, ಶೇ. 70ಕ್ಕಿಂತ ಸ್ವಲ್ಪ ಜಾಸ್ತಿ. ಉಳಿದದ್ದು ಸೋಡಾ, ಸುಣ್ಣ, ಒಂದಿಷ್ಟು ಮೆಗ್ನೀಷಿಯಾ. ಯಾವ ಕಾರ್ಖಾನೆಗೆ ಹೋದರೂ ಮಿಶ್ರಣ ಹೆಚ್ಚುಕಮ್ಮಿ ಇದೇ. ಲ್ಯಾಬಿನವರ ಕಣ್ಣು ಇರುವುದು ಇದರ ಮೇಲಲ್ಲ, ಯಾರೂ ಬೇಕೆಂದು ಹಾಕದ ಕಸದ ಮೇಲೆ.

ಮರಳಿನ ಜೊತೆ ಜಿರ್ಕಾನ್ ಎಂಬ ಖನಿಜದ ಕಣಗಳು ಬರುತ್ತವೆ. ಅವುಗಳಿಂದ ಜಿರ್ಕೋನಿಯಂ ಎಂಬ ಧಾತು, ಅದರ ಬೆನ್ನಿಗೇ ಹಾಫ್ನಿಯಂ. ಸುಣ್ಣದ ಕಲ್ಲಿನಿಂದ ಸ್ಟ್ರಾನ್ಷಿಯಂ. ಫೆಲ್ಡ್‌ಸ್ಪಾರ್ ಎಂಬ ಖನಿಜ ಇದ್ದರೆ ರುಬಿಡಿಯಂ, ಬೇರಿಯಂ. ಕುಲುಮೆಯ ಒಳಗಿನ ಇಟ್ಟಿಗೆ ಸವೆದರೂ ಅದರ ಅಂಶ ಗಾಜಿಗೆ ಸೇರುತ್ತದೆ. ಇವೆಲ್ಲ ಇರುವುದು ಹತ್ತು ಲಕ್ಷದಲ್ಲಿ ಕೆಲವೇ ಪಾಲು, ಹೆಚ್ಚೆಂದರೆ ಕೆಲವು ನೂರು ಪಾಲು. ಕ್ವಾರಿ ಬದಲಾದರೆ, ಕರಗಿಸುವ ಹಳೆ ಗಾಜು ಬದಲಾದರೆ, ಈ ಅಂಕಿಗಳೂ ಜರುಗುತ್ತವೆ.

ಹಳೆಯ ದಾರಿ ಬೇರೆ. ಚೂರನ್ನು ಸಿಲಿಕೋನ್ ಎಣ್ಣೆಯಲ್ಲಿಟ್ಟು ಮೈಕ್ರೋಸ್ಕೋಪಿನಡಿ ನಿಧಾನಕ್ಕೆ ಬಿಸಿ ಮಾಡುತ್ತಾರೆ. ಒಂದು ಹಂತದಲ್ಲಿ ಚೂರಿನ ಅಂಚೇ ಮಾಯವಾಗುತ್ತದೆ. ಆಗಿನ ತಾಪಮಾನದಿಂದ ವಕ್ರೀಭವನ ಸೂಚ್ಯಂಕ, ಅಂದರೆ ಗಾಜು ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಂಕಿ, ಸಿಗುತ್ತದೆ. ಈಗಲೂ ಮಾಡುತ್ತಾರೆ. ಆದರೆ ಇಂದಿನ ಕಿಟಕಿ ಗಾಜುಗಳೆಲ್ಲ 1.52ರ ಆಸುಪಾಸಿನಲ್ಲೇ ಗುಂಪುಗೂಡುತ್ತವೆ. ಅದಕ್ಕೇ ಆ ಕಸದ ಧಾತುಗಳ ಮೊರೆ ಹೋಗುವುದು.

ಇದಕ್ಕೆ ಬಳಸುವ ತಂತ್ರಕ್ಕೆ ಲೇಸರ್ ಅಬ್ಲೇಶನ್ ಐಸಿಪಿ-ಎಂಎಸ್ ಎಂದು ಹೆಸರು. ಕೂದಲೆಳೆಯಷ್ಟು ಅಗಲದ ಜಾಗಕ್ಕೆ ಲೇಸರ್ ಹೊಡೆಯುತ್ತಾರೆ. ಎದ್ದ ಸಣ್ಣ ಧೂಳು ಅನಿಲದ ಜೊತೆ ಪ್ಲಾಸ್ಮಾಕ್ಕೆ, ಅಂದರೆ ವಿದ್ಯುದಾವೇಶ ಇರುವ ವಿಪರೀತ ಬಿಸಿ ಅನಿಲಕ್ಕೆ, ಹೋಗುತ್ತದೆ. ಯಾವ ಧಾತು ಎಷ್ಟಿದೆ ಎಂದು ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಪರಮಾಣುಗಳನ್ನು ತೂಕದ ಮೇಲೆ ಬೇರ್ಪಡಿಸುವ ಯಂತ್ರ, ಲೆಕ್ಕ ಹಾಕುತ್ತದೆ. ಪರೀಕ್ಷೆಗಳಿಗೆ ಮಾನದಂಡ ಬರೆಯುವ ಸಂಸ್ಥೆ ಎಎಸ್‌ಟಿಎಂನ ಇ2927 ಮಾನದಂಡ ಹೀಗೆ 17 ಧಾತುಗಳನ್ನು ಹೋಲಿಸುತ್ತದೆ. ಚೂರು ಬಹುಪಾಲು ಹಾಗೇ ಉಳಿಯುತ್ತದೆ.

ಹೋಲಿಸುವುದು ಹೇಗೆ? ಅಂಕಿ ಸುಮ್ನೆ ಹತ್ತಿರ ಇದ್ದರೆ ಸಾಲದು. ಒಡೆದ ಕಿಟಕಿಯ ಬೇರೆ ಬೇರೆ ತುಂಡುಗಳನ್ನು ಕನಿಷ್ಠ 9 ಸಲ ಅಳೆದು ಸರಾಸರಿ ತೆಗೆಯುತ್ತಾರೆ. ಅದರ ಎರಡೂ ಬದಿಗೆ ನಾಲ್ಕು ಪಟ್ಟು ಸ್ಟ್ಯಾಂಡರ್ಡ್ ಡೀವಿಯೇಶನ್ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಂಕಿ) ಬಿಡುತ್ತಾರೆ. ಈ ಡೀವಿಯೇಶನ್ ಅನ್ನು ಸರಾಸರಿಯ ಶೇ. 3ಕ್ಕಿಂತ ಕಡಿಮೆ ಹಿಡಿಯುವ ಹಾಗಿಲ್ಲ. ಕಿಟಕಿಯಲ್ಲಿ ಸ್ಟ್ರಾನ್ಷಿಯಂ ಸರಾಸರಿ ಹತ್ತು ಲಕ್ಷದಲ್ಲಿ 40 ಪಾಲು ಅಂದುಕೊಳ್ಳಿ. ಶೇ. 3 ಅಂದರೆ 1.2, ಅದರ ನಾಲ್ಕು ಪಟ್ಟು 4.8. ಅಲ್ಲಿಗೆ ಗಡಿ 35.2ರಿಂದ 44.8. ಶರ್ಟಿನ ಚೂರು 50 ತೋರಿಸಿದರೆ ಮುಗಿಯಿತು, ಉಳಿದ 16 ಧಾತುಗಳು ಕೂಡಿಬಂದರೂ ಅದು ಆ ಗಾಜಲ್ಲ.

ಹದಿನೇಳೂ ಗಡಿಯೊಳಗೆ ಬಂದರೆ? ಇಲ್ಲೇ ಸುದ್ದಿಯವರು ಎಡವುವುದು. ಗಾಜಿನ ಕುಲುಮೆ ವರ್ಷಗಟ್ಟಲೆ ಆರದೆ ಉರಿಯುತ್ತದೆ. ಒಂದೇ ದಿನ ಇಳಿದ ಹಾಳೆಗಳು ಎಷ್ಟೋ ಕಟ್ಟಡ ಸೇರಿರುತ್ತವೆ. ಹಾಗಾಗಿ ಎಚ್ಚರದ ವರದಿ ‘ಎರಡರ ನಡುವೆ ವ್ಯತ್ಯಾಸ ಕಂಡಿಲ್ಲ’ ಎಂದಷ್ಟೇ ಬರೆಯುತ್ತದೆ. ‘ಇದೇ ಕಿಟಕಿ’ ಅನ್ನಬೇಕಾದರೆ ಚೂರಿನ ಅಂಚು ಕಿಟಕಿಯ ಮುರಿದ ಅಂಚಿಗೆ ನೇರವಾಗಿ ಕೂಡಬೇಕು. ಅಷ್ಟು ದೊಡ್ಡ ಚೂರು ಬಟ್ಟೆಯಲ್ಲಿ ಸಿಗುವುದು ಅಪರೂಪ.

ಚೂರು ಬಟ್ಟೆಗೆ ಬಂದದ್ದು ಹೇಗೆ ಅನ್ನುವುದನ್ನೂ ಧಾತುಗಳು ಹೇಳಲಾರವು. ಗಾಜು ಒಡೆದಾಗ ಸಣ್ಣ ಚೂರುಗಳು ಒಡೆದವನ ಕಡೆಗೂ ಸಿಡಿಯುತ್ತವೆ. ಅವುಗಳಲ್ಲಿ ಬಹಳಷ್ಟು ಕೆಲವೇ ಗಂಟೆಗಳಲ್ಲಿ ಉದುರಿಹೋಗುತ್ತವೆ. ಎಷ್ಟು ಚೂರು, ಎಲ್ಲಿ, ಎಷ್ಟು ಹೊತ್ತಿನ ಮೇಲೆ ಸಿಕ್ಕಿತು ಅನ್ನುವುದಕ್ಕೆ ತೂಕ ಬರುವುದು ಇದರಿಂದಲೇ.

ಒಂದೇ ಧಾತು ಗಡಿ ದಾಟಿದರೂ ‘ಆ ಗಾಜಲ್ಲ’ ಎಂದೆ ಅಲ್ವಾ, ಅದಕ್ಕೂ ಒಂದು ಷರತ್ತಿದೆ. ಕಾರಿನ ಮುಂದಿನ ಗಾಜು ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ ಎರಡು ಹಾಳೆ. ಎರಡೂ ಒಂದೇ ಕುಲುಮೆಯವು ಆಗಿರಬೇಕೆಂದಿಲ್ಲ. ಸ್ಥಳದಲ್ಲಿ ಬರೀ ಹೊರಗಿನ ಹಾಳೆಯ ತುಂಡು ತೆಗೆದರೆ, ಒಳಗಿನ ಹಾಳೆಯ ಚೂರಿಗೆ ಲ್ಯಾಬ್ ‘ಅಲ್ಲ’ ಎಂದೇ ಬರೆಯುತ್ತದೆ. ಅದಕ್ಕೇ ಎರಡೂ ಹಾಳೆಯ ಮಾದರಿ ತೆಗೆದು, ಬೇರೆ ಬೇರೆ ಲಕೋಟೆಗೆ ಹಾಕಿ, ಒಳಗಿನದು ಯಾವುದು ಹೊರಗಿನದು ಯಾವುದು ಎಂದು ಗುರುತು ಬರೆಯುತ್ತಾರೆ.