ಎಂಸಿಬಿ ಬೀಳುತ್ತಿಲ್ಲ, ಆದರೂ ಪ್ಲಗ್ ಬಿಸಿಯಾಗುವುದೇಕೆ?

ಪ್ರಶ್ನೆ: 230 ವೋಲ್ಟ್ ಕರೆಂಟನ್ನು 12 ವೋಲ್ಟ್‌ಗೆ ಇಳಿಸಿಕೊಡುವ 1500 ವ್ಯಾಟ್‌ನ ಪವರ್ ಸಪ್ಲೈಯನ್ನು ಮನೆಯಲ್ಲಿ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ಗಂಟೆಗಟ್ಟಲೆ ಓಡಿಸುತ್ತೇನೆ. ಪ್ಲಗ್ ಹಿಡಿಯಲಾಗದಷ್ಟು ಬಿಸಿಯಾಗುತ್ತದೆ, ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿಯೇ ಆರುವ ಸ್ವಿಚ್) ಮಾತ್ರ ಒಮ್ಮೆಯೂ ಬಿದ್ದಿಲ್ಲ. ಹೀಗೇ ಬಿಡಬಹುದೇ?

ಉತ್ತರ: ಬಿಡಬೇಡಿ. 1500 ವ್ಯಾಟ್ ಎಂಬುದು ಸಪ್ಲೈ ಹೊರಗೆ ಕೊಡುವ ಲೆಕ್ಕ. ದಕ್ಷತೆ ಶೇ. 90 ಇದ್ದರೆ ಗೋಡೆಯಿಂದ ಎಳೆಯುವುದು ಸುಮಾರು 1670 ವ್ಯಾಟ್, ಅಂದರೆ 230 ವೋಲ್ಟ್‌ನಲ್ಲಿ 7 ಆಂಪಿಯರ್‌ಗೂ ಮೇಲೆ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಸರಿಪಡಿಸುವ ಸರ್ಕ್ಯೂಟ್ ಇಲ್ಲದ ಅಗ್ಗದ ಸಪ್ಲೈ ಆದರೆ ಇನ್ನೂ ಹೆಚ್ಚು. 6 ಆಂಪಿಯರ್ ಸಾಕೆಟ್ ಇದನ್ನು ತಾಳುವುದಿಲ್ಲ. 16 ಆಂಪಿಯರ್ ಸಾಕೆಟ್ ಬೇಕು, ಅದಕ್ಕೆ ಕನಿಷ್ಠ 2.5 ಚದರ ಮಿ.ಮೀ. ತಾಮ್ರದ ವೈರ್ ಪ್ರತ್ಯೇಕವಾಗಿ ಬಂದಿರಬೇಕು. ಎಕ್ಸ್‌ಟೆನ್ಷನ್ ಬೋರ್ಡನ್ನು ಮರೆತುಬಿಡಿ.

ಎಂಸಿಬಿ ನೋಡುವುದು ಎಷ್ಟು ಕರೆಂಟ್ ಹರಿಯಿತು ಎಂಬುದನ್ನಷ್ಟೇ. ಸಾಕೆಟ್ಟಿನೊಳಗೆ ಪಿನ್ನಿನ ಹಿಡಿತ ಸಡಿಲವಾಗಿ ಅಲ್ಲಿ ಅರ್ಧ ಓಮ್ ರೋಧ (ಕರೆಂಟಿಗೆ ಅಡ್ಡಿ) ಹುಟ್ಟಿತು ಎನ್ನಿ. 7.25 ಆಂಪಿಯರ್ ಹರಿದರೆ ಆ ಒಂದು ಜಾಗದಲ್ಲೇ ಸುಮಾರು 26 ವ್ಯಾಟ್ ಶಾಖ. ಸಣ್ಣ ಸೋಲ್ಡರಿಂಗ್ ಐರನ್ ಒಂದನ್ನು ಪ್ಲಾಸ್ಟಿಕ್ಕಿನೊಳಗೆ ಹುದುಗಿಸಿಟ್ಟಂತೆ. ಕರೆಂಟ್ ಏರಿಲ್ಲವಾದ್ದರಿಂದ ಎಂಸಿಬಿಗೆ ಇದರ ಸುಳಿವೇ ಸಿಗದು. ಶಾಖಕ್ಕೆ ಸಾಕೆಟ್ಟಿನ ಹಿತ್ತಾಳೆ ಪಟ್ಟಿಯ ಬಿಗಿ ಹೋಗುತ್ತದೆ, ಕಿಲುಬು ಹಿಡಿಯುತ್ತದೆ, ರೋಧ ಮತ್ತೂ ಏರುತ್ತದೆ.

ಆದ್ದರಿಂದ ಪ್ಲಗ್, ಸಾಕೆಟ್ ಎರಡನ್ನೂ ಒಟ್ಟಿಗೇ ಬದಲಿಸಿ. ಸುಟ್ಟ ಹಳೆಯದೊಂದು ಉಳಿದರೆ ಹೊಸದನ್ನೂ ಕೆಡಿಸುತ್ತದೆ. ಪ್ಲಗ್ಗಿನ ಸ್ಕ್ರೂ ಅಡಿಗೆ ಹೋಗುವ ವೈರಿನ ಎಳೆಗಳಿಗೆ ಬೆಸುಗೆ ಹಾಕಬೇಡಿ: ಬೆಸುಗೆಯ ಮೆದು ಲೋಹ ಒತ್ತಡಕ್ಕೆ ನಿಧಾನವಾಗಿ ಜರುಗಿ, ಕೆಲವು ತಿಂಗಳಲ್ಲಿ ಸ್ಕ್ರೂ ತಾನಾಗಿಯೇ ಸಡಿಲವಾಗುತ್ತದೆ. ಎಳೆಗಳನ್ನು ಹೊಸೆದು ಬಿಗಿಮಾಡಿ, ಇಲ್ಲವೇ ಲೋಹದ ಪುಟ್ಟ ಕೊಳವೆ (ಫೆರೂಲ್) ತೊಡಿಸಿ ಒತ್ತಿಸಿ. ನಂತರ ಅರ್ಧ ಗಂಟೆ ಪೂರ್ತಿ ಲೋಡ್‌ನಲ್ಲಿ ಓಡಿಸಿ, ಸ್ವಿಚ್ ಆರಿಸಿ, ಪ್ಲಗ್ಗಿನ ಮೈಯನ್ನು ಮುಟ್ಟಿ ನೋಡಿ (ಪಿನ್ನುಗಳನ್ನಲ್ಲ). ಬೆಚ್ಚಗಿದ್ದರೆ ಸರಿ.

ಸಪ್ಲೈನ ಲೋಹದ ಪೆಟ್ಟಿಗೆ ಮುಟ್ಟಿದಾಗ ಕೈ ಜುಮ್ಮೆಂದರೆ ಅರ್ಥಿಂಗ್ ಬಂದಿಲ್ಲವೆಂದೇ ಎಣಿಸಿ. ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು (ಕರೆಂಟಿನ ಗದ್ದಲ ತಡೆಯುವ ಬಿಡಿಭಾಗಗಳು) ಸದಾ ಸ್ವಲ್ಪ ಕರೆಂಟನ್ನು ಪೆಟ್ಟಿಗೆಗೆ ಬಿಡುತ್ತವೆ. ಅರ್ಥ್ ಇಲ್ಲದಿದ್ದರೆ ಪೆಟ್ಟಿಗೆ 115 ವೋಲ್ಟ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಎರಡು ಪಿನ್ನಿನ ಅಡಾಪ್ಟರ್ ಎಂದೂ ಬೇಡ.

12 ವೋಲ್ಟ್ ಕಡೆ ಶಾಕ್ ಹೊಡೆಯದು, ಆದರೆ ಅಲ್ಲಿ 125 ಆಂಪಿಯರ್ ಇದೆ. ಸ್ಪ್ಯಾನರ್ ಅಡ್ಡ ಬಿದ್ದರೆ ಕಿಡಿ ಹಾರುತ್ತದೆ, ಉಂಗುರ ತಾಗಿದರೆ ಬೆರಳು ಸುಡುತ್ತದೆ. ಸಪ್ಲೈನ ಸ್ವಂತ ರಕ್ಷಣೆ ಕೆಲಸ ಮಾಡುವುದು ಆ 125 ದಾಟಿದ ಮೇಲೆ, ಅಷ್ಟರೊಳಗೆ 1.5 ಚದರ ಮಿ.ಮೀ. ವೈರ್ ಕರಗಿರುತ್ತದೆ. ಹಾಗಾಗಿ ಪ್ರತಿ ಕವಲಿಗೂ ಅದರ ವೈರಿಗೆ ತಕ್ಕ ಫ್ಯೂಸ್ ಇರಲಿ, ಅದೂ ಸಪ್ಲೈ ಕಡೆಯ ತುದಿಯಲ್ಲೇ.