ಬಿಸಿ ಮಾಡಿಯೇ ತಿಂದದ್ದು, ಡಾಕ್ಟ್ರೇ

ಬದಿಯಡ್ಕದ ಕಡೆ ಒಂದು ಮನೆ ಒಕ್ಕಲಿನ ಮರುದಿನ ಮೂವರು ನನ್ನ ಕ್ಲಿನಿಕ್ಕಿಗೆ ಬಂದರು. ಒಂದೇ ಕಾರು, ಮೂವರಿಗೂ ಸೇರಿ ಒಂದೇ ಬಕೆಟ್. ಊಟದಲ್ಲಿ ಉಳಿದ ಬೆಳ್ತಿಗೆ ಅನ್ನ ರಾತ್ರಿಯಿಡೀ ಕೊಪ್ಪರಿಗೆಯಲ್ಲೇ ಇತ್ತು. ಬೆಳಿಗ್ಗೆ ಒಗ್ಗರಣೆ ಬಿದ್ದು ಚಿತ್ರಾನ್ನವಾಯಿತು. ಎಂಟಕ್ಕೆ ತಿಂದರು, ಹತ್ತಕ್ಕೆ ವಾಂತಿ.

"ಬಿಸಿ ಮಾಡಿಯೇ ತಿಂದದ್ದು ಡಾಕ್ಟ್ರೇ" ಅಂದರು. ಸುಳ್ಳಲ್ಲ.

ಇಂಥವರಲ್ಲಿ ನಾನು ಮೊದಲು ಕೇಳುವುದು ಗಂಟೆಯ ಲೆಕ್ಕ. ಬ್ಯಾಕ್ಟೀರಿಯಾ ಹೊಟ್ಟೆಗೆ ಹೋಗಿ, ಬೆಳೆದು, ತೊಂದರೆ ಕೊಡಲು ಎರಡು ಗಂಟೆ ಸಾಲುವುದಿಲ್ಲ. ಅಂದರೆ ವಿಷ ತಟ್ಟೆಗೆ ಬರುವಾಗಲೇ ತಯಾರಾಗಿತ್ತು. ಲ್ಯಾಬಿಗೆ ಕಳಿಸಲಿಲ್ಲ, ಆದರೆ ಗಂಟೆ ಮತ್ತು ಅನ್ನ ಎರಡೂ ಸೇರಿದರೆ ನನಗೆ ಮೊದಲು ನೆನಪಾಗುವುದು ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ.

ಇದು ಮಣ್ಣಿನ ಜೀವಿ. ಗದ್ದೆಯಿಂದ ಅಕ್ಕಿಯ ಜೊತೆಗೇ ಅಡಿಗೆಮನೆಗೆ ಬರುತ್ತದೆ. ಕಷ್ಟ ಬಂದಾಗ ಗಟ್ಟಿ ಚಿಪ್ಪಿನ ಸ್ಪೋರ್ ಆಗಿ ಮಲಗುತ್ತದೆ. ಅನ್ನ ಕುದಿದರೂ ಸ್ಪೋರ್ ಸಾಯುವುದಿಲ್ಲ. ಕೊಪ್ಪರಿಗೆ ಮೆಲ್ಲ ಆರುವಾಗ ಎದ್ದು ಬೆಳೆಯುತ್ತದೆ. ದೊಡ್ಡ ಪಾತ್ರೆಯ ನಡುವಿನ ಅನ್ನ ಎಷ್ಟು ಹೊತ್ತು ಬೆಚ್ಚಗಿರುತ್ತದೆ ಅಂತ ಕೈ ಹಾಕಿದವರಿಗೆ ಗೊತ್ತು, ಅಲ್ವಾ?

ಅದು ಬಿಡುವ ವಿಷದ ಹೆಸರು ಸೆರೂಲೈಡ್. ನಾಲ್ಕು ಮಣಿಯ ತುಂಡನ್ನು ಮೂರು ಸಲ ಪೋಣಿಸಿ ತುದಿ ಸೇರಿಸಿದ ಸರದ ಹಾಗಿದೆ ಇದರ ರಚನೆ. ಬಿಚ್ಚಲು ತುದಿಯೇ ಇಲ್ಲ. ಹೊಟ್ಟೆಯ ಆಮ್ಲಕ್ಕೂ ಕರುಳಿನ ಕಿಣ್ವಕ್ಕೂ ಜಗ್ಗುವುದಿಲ್ಲ. 121 ಡಿಗ್ರಿಯಲ್ಲಿ 90 ನಿಮಿಷ ಇಟ್ಟರೂ ಹಾಳಾಗದು. ಕುಕ್ಕರಿನೊಳಗೆ ಇರುವುದೇ ಹೆಚ್ಚುಕಮ್ಮಿ ಅಷ್ಟು ಬಿಸಿ. ಒಗ್ಗರಣೆ ಬಾಣಲೆ ಯಾವ ಲೆಕ್ಕ? ಬಿಸಿಗೆ ಬ್ಯಾಕ್ಟೀರಿಯಾ ಸತ್ತಿರಬಹುದು, ವಿಷ ಹಾಗೆಯೇ ಉಳಿದಿರುತ್ತದೆ.

ಎಲ್ಲ ಸೀರಿಯಸ್ಸಿಗೂ ಈ ವಿದ್ಯೆ ಬರುವುದಿಲ್ಲ. ಸೆರೂಲೈಡ್ ಕಟ್ಟುವ ಜೀನುಗಳಿರುವುದು ಮುಖ್ಯ ವರ್ಣತಂತುವಿನ ಹೊರಗೆ, ಸುಮಾರು 2,70,000 ಡಿಎನ್ಎ ಅಕ್ಷರಗಳ ಒಂದು ಪ್ಲಾಸ್ಮಿಡ್ಡಿನಲ್ಲಿ, ಅಂದರೆ ಡಿಎನ್ಎಯ ಬೇರೆಯೇ ಒಂದು ಉಂಗುರದಲ್ಲಿ. ಅದು ಇದ್ದವಕ್ಕೆ ಮಾತ್ರ ವಾಂತಿ ತರಿಸುವ ಶಕ್ತಿ. ಇದೇ ಸೀರಿಯಸ್ಸಿನ ಭೇದಿ ತರಿಸುವ ವಿಷಗಳ ಜೀನು ವರ್ಣತಂತುವಿನಲ್ಲೇ ಇರುತ್ತದೆ. ಆ ವಿಷಗಳು ಬಿಸಿಗೆ ಕೆಡುತ್ತವೆ, ಆದರೆ ಕರುಳಿನೊಳಗೇ ಹೊಸದಾಗಿ ತಯಾರಾಗುತ್ತವೆ. ಹಾಗಾಗಿ ತಿಂದು ಎಂಟು ಗಂಟೆ ಕಳೆದ ಮೇಲೆ ತೊಂದರೆ ಶುರು.

ಊಟದಲ್ಲಿ ವಿಷ ಬಿಡುವ ಇನ್ನೊಂದು ಬ್ಯಾಕ್ಟೀರಿಯಾ ಸ್ಟಫೈಲೋಕಾಕಸ್ ಔರಿಯಸ್‌ನ ಕತೆ ಇನ್ನೂ ಮಜವಾಗಿದೆ. ಇದು ಮೂರರಲ್ಲಿ ಒಬ್ಬರ ಮೂಗಿನಲ್ಲಿ ಸುಮ್ನೆ ಇರುತ್ತದೆ. ಬಡಿಸುವವರ ಬೆರಳಿನ ಗಾಯದಿಂದ ಪಾಯಸಕ್ಕೋ ಮೊಸರನ್ನಕ್ಕೋ ಇಳಿಯಬಹುದು. ಅದರ ಮುಖ್ಯ ವಿಷದ ಜೀನು ಬಂದದ್ದು ವೈರಸ್ಸಿನಿಂದ! ಬ್ಯಾಕ್ಟೀರಿಯಾಕ್ಕೆ ಬಡಿಯುವ ವೈರಸ್ಸು, ಅಂದರೆ ಫೇಜ್, ಅದರ ಡಿಎನ್ಎಯೊಳಗೆ ಸೇರಿಕೊಳ್ಳುವಾಗ ಈ ಜೀನನ್ನೂ ಹೊತ್ತು ತರುತ್ತದೆ. ಈ ವಿಷವೂ ಕುದಿಸಿದರೆ ಹೋಗುವುದಿಲ್ಲ.

2022ರಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಒಬ್ಬ ವಿದ್ಯಾರ್ಥಿನಿ ತೀರಿಕೊಂಡ ಮೇಲೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಎಲ್ಲರಿಗೂ ಮಾಂಸದ ಮೇಲೆಯೇ ಕಣ್ಣು. ಅಲ್ಲಿ ಸಿಕ್ಕಿದ್ದು ಶಿಗೆಲ್ಲಾ ಎಂಬ ಬೇರೆ ಬ್ಯಾಕ್ಟೀರಿಯಾ. ಅದು ಕರುಳಿನ ಗೋಡೆಯೊಳಗೇ ನುಗ್ಗುವ ಜಾತಿ. ಅನ್ನದ ಮೇಲೆ ಯಾರಿಗೂ ಅನುಮಾನವೇ ಇಲ್ಲ.

ಅದೇ ಮನೆಯ ಅಜ್ಜಿ ರಾತ್ರಿಯೇ ಒಂದು ಬಟ್ಟಲು ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಉಪ್ಪಿನಕಾಯಿ ಜೊತೆ ಉಂಡಿದ್ದರು. ಅವರಿಗೆ ಏನೂ ಆಗಲಿಲ್ಲ. ಸಣ್ಣ ಪಾತ್ರೆ, ತಣ್ಣೀರು, ಮೇಲಿಂದ ಹುಳಿ: ಮೂರೂ ಸೀರಿಯಸ್ಸಿಗೆ ಆಗದವು. ಹಾಗಂತ ಎಲ್ಲರೂ ಇದನ್ನೇ ನಂಬಿ ಅಂತ ಚೀಟಿ ಬರೆಯಲಾರೆ. ಉಳಿದ ಅನ್ನವನ್ನು ಅಗಲಕ್ಕೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗಿಡಿ ಅನ್ನುತ್ತೇನೆ.

ಮೂವರೂ ಆ್ಯಂಟಿಬಯೋಟಿಕ್ ಕೇಳಿದರು. ಕೊಡಲಿಲ್ಲ. ವಿಷಕ್ಕೆ ಜೀವವಿಲ್ಲ, ಸಾಯಿಸುವುದು ಯಾರನ್ನು? ಓಆರ್‌ಎಸ್ ಕುಡಿಸಿ ಮಲಗಿಸಿದೆ. ಸಂಜೆಗೆ ಎದ್ದು ಕೂತರು.

ರಾತ್ರಿ ಮನೆಯೊಡತಿಯ ಫೋನು. "ಕೊಪ್ಪರಿಗೆಯಲ್ಲಿ ಇನ್ನೂ ಅನ್ನ ಉಂಟು ಡಾಕ್ಟ್ರೇ, ದನಕ್ಕೆ ಹಾಕಬಹುದಾ?"

"ಬೇಡ ಅಕ್ಕ, ತೆಂಗಿನ ಬುಡದಲ್ಲಿ ಹೂತುಬಿಡಿ" ಅಂದೆ.